ಒಂದು ಹಿಡಿ ತೆಂಗಿನ ನಾರು

ಗುಬ್ಬಿಯ ಒಬ್ಬ ಮೇಸ್ತ್ರಿಯ ಕುರಿತು ನಾನು ಪತ್ರಿಕೆಗೆ ಬರೆದ ಪತ್ರದಿಂದಾಗಿ ಅವರು ಪ್ರತಿ ಶನಿವಾರ ಮಾಡುತ್ತಿದ್ದ ಪಾಠ ನಿಂತುಹೋಯಿತು. ಮೇಸ್ತ್ರಿ ಎಂದರೆ ಇಲ್ಲಿ ಕಟ್ಟಡದವರಲ್ಲ. ಕಾರು ರಿಪೇರಿಯಲ್ಲಿ ಪಳಗಿದ ಹಿರಿಯರನ್ನೂ ನಮ್ಮ ಕಡೆ ಹಾಗೆಯೇ ಕರೆಯುತ್ತಾರೆ. ಬರೆಯುವಾಗ ಪತ್ರದ ಒಂದೊಂದು ವಾಕ್ಯವೂ ನಿಜವೆಂದೇ ನಂಬಿದ್ದೆ. ಅದು ತಪ್ಪೆಂದು ತಿಳಿದ ಬಗೆಯನ್ನೂ, ತಿಳಿದ ಮೇಲೆ ಮಾಡಿದ್ದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ನಾನು ಅವರ ಬಳಿ ರಿಪೇರಿಗೆ ಒಯ್ದ ಕಾರು ನನ್ನ ಚಿಕ್ಕಮ್ಮನದು. ಅವರು ಕುಣಿಗಲ್‌ನಲ್ಲಿ ಹೆರಿಗೆ ಡಾಕ್ಟರಾಗಿದ್ದರು. ವಾರಕ್ಕೆರಡು ದಿನ ಅಮೃತೂರಿಗೆ ಹೋಗಿ ಬರುತ್ತಿದ್ದದ್ದು ಈ ಬಿಳಿ ಅಂಬಾಸಡರ್‌ನಲ್ಲೇ. ಹೆಂಗಸೊಬ್ಬಳು ಇಷ್ಟು ದೊಡ್ಡ ಗಾಡಿಯನ್ನು ತಿರುಗಿಸುವುದನ್ನು ನೋಡಲು ಬಸ್‌ಸ್ಟ್ಯಾಂಡಿನಲ್ಲಿ ಗಂಡಸರು ಸಾಲಾಗಿ ನಿಲ್ಲುತ್ತಿದ್ದರಂತೆ. ಅದನ್ನು ಕುತೂಹಲ ಎಂದು ಕರೆದು ಕ್ಷಮಿಸುವ ರೂಢಿ ನಮ್ಮ ಮನೆಯಲ್ಲಿತ್ತು. ನಾನು ಅದನ್ನು ಅಡ್ಡಿಯೆಂದೇ ಕರೆಯುತ್ತೇನೆ. ಮಂಡಿ ಸವೆದು ಕ್ಲಚ್ ತುಳಿಯಲು ಆಗದೆ ಹೋದಾಗ ಅವರು ಕಾರನ್ನು ನನಗೆ ಕೊಟ್ಟರು. ಇಂಜಿನ್ನಿನ ಸಣ್ಣಪುಟ್ಟ ಕೆಲಸಗಳನ್ನು ಅವರು ತಾವೇ ಮಾಡಿಕೊಳ್ಳುತ್ತಿದ್ದರು. ಆ ಕೆಲಸವನ್ನು ನನಗೆ ಕಲಿಸಿರಲಿಲ್ಲ. ಕಲಿಸಿ ಎಂದು ನಾನೂ ಕೇಳಿರಲಿಲ್ಲ.

ನಾನಿರುವುದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಕಾಲೇಜಿನ ಪಾಠದಿಂದ ನಿವೃತ್ತಳಾದ ಮೇಲೆ ನಮ್ಮ ಬೀದಿಯ ಮಳೆನೀರಿನ ಚರಂಡಿಯ ವಿಷಯವನ್ನು ಕೈಗೆತ್ತಿಕೊಂಡಿದ್ದೆ. ಅದಕ್ಕೆ ಹೋಟೆಲಿನ ಕರಿದ ಎಣ್ಣೆ, ಗ್ಯಾರೇಜುಗಳ ಕಪ್ಪೆಣ್ಣೆ, ಮನೆಗಳ ಬಣ್ಣದ ಡಬ್ಬಿಗಳು ಎಲ್ಲವೂ ಬೀಳುತ್ತಿದ್ದವು. ಬೀಳಿಸುವವರ ಮನೆ ಬಾಗಿಲಿಗೆ ಹೋಗಿ ಹೇಳುತ್ತಿದ್ದೆ, ಮನವಿ ಬರೆಯುತ್ತಿದ್ದೆ, ಫೋಟೊ ತೆಗೆಯುತ್ತಿದ್ದೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಗೇಟಿನ ಮೇಲೆ ಕೈಯೂರಿ ನಿಂತು ಹೇಳಿದರು:

"ಮೇಡಂ, ಊರ ಚರಂಡಿಯೆಲ್ಲ ನೋಡ್ತೀರಲ್ಲ, ನಿಮ್ ಗಾಡಿ ಕೆಳಗಡೆ ಒಂದ್ಸಲ ನೋಡಿ. ಒಗ್ಗರಣೆ ಹಾಕ್ಬೋದು, ಅಷ್ಟು ಎಣ್ಣೆ ಐತೆ."

ಅವರ ಮಾತು ಉತ್ಪ್ರೇಕ್ಷೆಯಾಗಿತ್ತು. ಆದರೆ ಕಲೆ ಇದ್ದದ್ದು ನಿಜ. ಬಗ್ಗಿ ನೋಡಿದೆ. ಇಂಜಿನ್ನಿನ ಪಕ್ಕದಿಂದ ಹೆಬ್ಬೆರಳಿನ ಗಾತ್ರದ ಕಬ್ಬಿಣದ ಪೈಪೊಂದು ಕೆಳಗಿಳಿದಿತ್ತು. ಅದರ ತುದಿಯಿಂದ ಆಗೊಮ್ಮೆ ಈಗೊಮ್ಮೆ ಕಪ್ಪು ತೊಟ್ಟು ಬೀಳುತ್ತಿತ್ತು. ಇಂಜಿನ್ ಓಡುವಾಗ ತೆಳ್ಳಗೆ ಹೊಗೆಯೂ ಬರುತ್ತಿತ್ತು. ನಮ್ಮ ಕಡೆ ತೊಟ್ಟಿಯ ತೂತು ಮುಚ್ಚುವುದಕ್ಕೂ, ತೋಟದ ನೀರಿನ ಪೈಪಿನ ಬಾಯಿ ಕಟ್ಟುವುದಕ್ಕೂ ತೆಂಗಿನ ನಾರನ್ನು ಹೊಸೆದು ತುರುಕುತ್ತಾರೆ. ಹಿತ್ತಿಲಲ್ಲಿದ್ದ ಕಾಯಿಯ ಮಟ್ಟೆಯಿಂದ ಒಂದು ಹಿಡಿ ನಾರು ಬಿಡಿಸಿ, ನೆನೆಸಿ, ಉಂಡೆ ಕಟ್ಟಿ, ಮರದ ಸೌಟಿನ ಹಿಡಿಯಿಂದ ಪೈಪಿನೊಳಕ್ಕೆ ಒಂದು ಗೇಣು ದೂರ ನೂಕಿದೆ. ಉದುರಿ ಬೀಳದಿರಲಿ ಎಂದು ಅಷ್ಟು ಒಳಗೆ ನೂಕಿದ್ದು. ಮರುದಿನ ನೆಲ ಒಣಗಿತ್ತು. ಗುಮಾಸ್ತರು ನೋಡಿ, "ಹಾಂ, ಈಗ ಸರಿಹೋಯ್ತು ಬುಡಿ," ಎಂದರು. ನನಗೂ ಹಾಗೆಯೇ ಅನಿಸಿತು. ಆಮೇಲೆ ಅದನ್ನು ಮರೆತೆ.

ಎರಡು ವಾರದೊಳಗೆ ಕಾರಿನೊಳಗೆ ಸುಟ್ಟ ಎಣ್ಣೆಯ ವಾಸನೆ ಶುರುವಾಯಿತು. ಬಾನೆಟ್ ಎತ್ತಿದರೆ, ಇಂಜಿನ್ನಿನ ತಲೆಯ ಮೇಲೆ ಕೂರುವ ತಗಡಿನ ಮುಚ್ಚಳದ ಅಂಚಿನಿಂದ ಎಣ್ಣೆ ಇಳಿದು ಬಿಸಿ ಕಬ್ಬಿಣದ ಮೇಲೆ ಬೀಳುತ್ತಿತ್ತು. ಆ ಮುಚ್ಚಳಕ್ಕೆ ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರ ಮತ್ತು ಇಂಜಿನ್ನಿನ ನಡುವೆ ಎಣ್ಣೆ ಹೊರಬಾರದಂತೆ ಕಾರ್ಕಿನ ಒಂದು ಪಟ್ಟಿ ಇರುತ್ತದೆ, ಅದೇ ಗ್ಯಾಸ್ಕೆಟ್. ತುಮಕೂರಿನ ಮೂರು ಗ್ಯಾರೇಜುಗಳಲ್ಲಿ ಕಾರನ್ನು ಒಳಗೂ ಬಿಟ್ಟುಕೊಳ್ಳಲಿಲ್ಲ. "ಗುಜರಿಗೆ ಹಾಕಿ ಮೇಡಂ, ಇದರ ಸಾಮಾನು ಈಗೆಲ್ಲಿ ಸಿಗುತ್ತೆ," ಎಂದರು. ಬಿಸಾಡುವುದನ್ನೇ ಜಾಣತನವೆಂದು ಕಲಿಸುವ ಮಾರುಕಟ್ಟೆಯ ಮಾತನ್ನು ಅವರು ತಮ್ಮದೆಂಬಂತೆ ಆಡುತ್ತಿದ್ದರು. ನಾಲ್ಕನೆಯವರು ಗುಬ್ಬಿಯ ಮೇಸ್ತ್ರಿಯ ಶೆಡ್ಡಿನ ದಾರಿ ಹೇಳಿದರು. ಕೊಬ್ಬರಿ ವ್ಯಾಪಾರಿಗಳ ಅಂಬಾಸಡರ್‌ಗಳನ್ನು ನೋಡಿಕೊಂಡೇ ಅವರಿಗೆ ವಯಸ್ಸಾಗಿತ್ತು.

ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದರು.

"ಯಾರ್ದು ಮೇಡಮ್ಮೋರೆ ಗಾಡಿ?"

"ನಮ್ಮ ಚಿಕ್ಕಮ್ಮನದು. ಕುಣಿಗಲ್‌ನಲ್ಲಿ ಡಾಕ್ಟರಾಗಿದ್ದರು."

"ಅದಕ್ಕೇಯಾ. ಚೆನ್ನಾಗಿ ಇಟ್ಕೊಂಡವ್ರೆ. ಈಗ್ಲೇ ಯಾಕೋ ಹಿಂಗಾಗೈತೆ."

ಅವರ ಕೆಲಸದ ಕ್ರಮ ಹೀಗಿತ್ತು: ಮೊದಲು ಇಂಜಿನ್ನನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿದರು. ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿದರು. ಅನಂತರ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದು, ಮಗುವಿಗೆ ಸ್ನಾನ ಮಾಡಿಸಿದ ಮೇಲೆ ಹಚ್ಚುವಂತೆ ಇಂಜಿನ್ನಿಗೆಲ್ಲ ಉದುರಿಸಿದರು. ಇಂಜಿನ್ ಚಾಲೂ ಮಾಡಿದರೆ ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿ ಪೌಡರು ಕಪ್ಪಾಗುತ್ತದೆ. ಎಲ್ಲಿ ಬೀಳುತ್ತದೆಂಬುದನ್ನು ಪತ್ರಿಕೆ ತೋರಿಸುತ್ತದೆ. ಕೈಗೆ ಗವಸು ಇರಲಿಲ್ಲ. ಬೆರಳ ಸಂದಿನ ಚರ್ಮ ಬಿರಿದಿತ್ತು. ಗವಸು ಹಾಕಿಕೊಳ್ಳಬೇಕೆಂದು ಹೇಳಿದೆ. "ಹಾಕ್ಕೊಂಡ್ರೆ ನಟ್ಟು ಮಾತಾಡಲ್ಲ ಮೇಡಮ್ಮೋರೆ," ಎಂದರು. ದುಡಿಯುವವರು ತಮ್ಮ ಗಾಯಕ್ಕೆ ತಾವೇ ಕಾರಣ ಒದಗಿಸಿಕೊಳ್ಳುವುದು ನನಗೆ ಹೊಸದಲ್ಲ.

ಮುಚ್ಚಳ ಬಿಚ್ಚಿ, ಹಳೆಯ ಕಾರ್ಕನ್ನು ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಕೆರೆದರು. ಹೊಸ ಕಾರ್ಕ್ ಹಾಳೆಯನ್ನು ಮುಚ್ಚಳದ ಅಂಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಸುತ್ತಲೂ ಬಡಿಯುತ್ತ ಬಂದರು. ಅಂಚು ತಾನೇ ಹಾಳೆಯ ಮೇಲೆ ಗೀರಾಗಿ ಮೂಡಿತು, ಆ ಗೀರಿನಂತೆ ಕತ್ತರಿಸಿದರು. ಅಳತೆಪಟ್ಟಿ ಬೇಕಾಗಲಿಲ್ಲ. ಬಿಗಿಯುವಾಗ ಹೇಳಿದರು: "ಜಾಸ್ತಿ ಬಿಗೀಬಾರ್ದು. ಬಿಗಿದ್ರೆ ಕಾರ್ಕು ಚಪಾತಿ ಹಿಟ್ಟಿನಂಗೆ ಆಚೆ ಬತ್ತದೆ."

ಇದೇ ಹೊತ್ತಿಗೆ ಅವರ ಅರ್ಧ ವಯಸ್ಸಿನವನೊಬ್ಬ ಬೈಕಿನಲ್ಲಿ ಬಂದು, ಇಳಿಯದೆಯೇ, "ಏನ್ಲಾ ಮೇಸ್ತ್ರಿ, ನಮ್ ಗಾಡಿ ಏನಾಯ್ತಲಾ?" ಎಂದು ಕೇಳಿ ಹೋದ. ಹಿರಿಯರನ್ನು ಹೀಗೆ ಏಕವಚನದಲ್ಲಿ ಕೂಗುವುದರ ಹಿಂದೆ ಜಾತಿಯೂ ಇದೆ, ಕೈಕೆಲಸದ ಬಗೆಗಿನ ತಿರಸ್ಕಾರವೂ ಇದೆ ಎಂದು ಹೇಳಿದೆ.

"ಬುಡಿ ಮೇಡಮ್ಮೋರೆ," ಎಂದರು ಮೇಸ್ತ್ರಿ. "ಅವ್ನು ಅವರಪ್ಪನ್ನೂ ಹಂಗೇ ಕರೀತಾನೆ."

ಹೊರಡುವಾಗ ಅವರು ಎರಡು ಮಾತು ಹೇಳಿದರು. ಒಂದು: ತೊಂದರೆಯಾದರೆ ಬನ್ನಿ, ಆದರೆ ಶನಿವಾರ ಬೇಡ. ಶನಿವಾರ ಅವರು ತರಬೇತಿ ಕೇಂದ್ರವೊಂದರಲ್ಲಿ ಹೆಣ್ಣುಮಕ್ಕಳಿಗೆ ಇಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಸುತ್ತಿದ್ದರು. "ಹನ್ನೊಂದು ಹುಡ್ಗೀರು ಅವ್ರೆ. ನಾನು ಓದಿರೋದು ನಾಕ್ನೇ ಕ್ಲಾಸು. ಮೇಷ್ಟ್ರೇ ಅಂತವೆ ನನ್ನ." ಇದನ್ನು ಹೇಳುವಾಗ ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಇನ್ನೊಂದು ಪ್ರಶ್ನೆ: "ಇದಕ್ಕೆ ಮುಂಚೆ ಯಾರಾದ್ರೂ ಕೈ ಹಾಕಿದ್ರಾ ಇಂಜಿನ್‌ಗೆ?"

"ಇಲ್ಲ. ಯಾರೂ ಮುಟ್ಟಿಲ್ಲ," ಎಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ನಾನು ಮುಚ್ಚಿದ್ದು ರಸ್ತೆಯನ್ನು ಕೆಡಿಸುವ ಒಂದು ಪೈಪನ್ನು. ಅದು ಇಂಜಿನ್ನಿನ ಭಾಗವೆಂದು ನನ್ನ ಲೆಕ್ಕದಲ್ಲಿರಲಿಲ್ಲ.

ಟ್ಯಾಪೆಟ್ ಕವರ್ ಒಣಗಿತು. ಹತ್ತು ದಿನಕ್ಕೆ ಇಂಜಿನ್ನಿನ ಅಡಿಯಿಂದ ಎಣ್ಣೆ ಬಂತು. ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ ಚೇಂಬರ್ ಎನ್ನುತ್ತಾರೆ. ಮೇಸ್ತ್ರಿ ಅದನ್ನೂ ಇಳಿಸಿ ಗ್ಯಾಸ್ಕೆಟ್ ಬದಲಿಸಿದರು. ಈ ಸಲ ಕೈಯಲ್ಲಿ ಕತ್ತರಿಸಲಿಲ್ಲ, ಅಂಗಡಿಯ ಪೊಟ್ಟಣ ಒಡೆದರು. ಪೊಟ್ಟಣದ ಮೇಲಿನ ಅಚ್ಚು ಮಸಕಾಗಿತ್ತು, ಕಂಪನಿಯ ಹೆಸರಿನ ಒಂದು ಅಕ್ಷರ ಬೇರೆಯಾಗಿತ್ತು. ನಾನು ಅದನ್ನು ಗಮನಿಸಿ ಸುಮ್ಮನಿದ್ದೆ. ಮತ್ತೆ ಒಂದು ವಾರ. ಈಗ ಇಂಜಿನ್ನಿನ ಮುಂದೆ ಫ್ಯಾನಿನ ಬೆಲ್ಟು ತಿರುಗುವ ರಾಟೆಯ ಹಿಂದಿನಿಂದ ಸೋರಿಕೆ. ಮೇಸ್ತ್ರಿ ಬಹಳ ಹೊತ್ತು ನೋಡಿದರು.

"ಒಂದ್ಕಡೆ ಮುಚ್ಚಿದ್ರೆ ಇನ್ನೊಂದ್ಕಡೆ ಬತ್ತೈತೆ. ಇದು ಗ್ಯಾಸ್ಕೆಟ್‌ದಲ್ಲ ಮೇಡಮ್ಮೋರೆ. ಎರಡು ದಿನ ಗಾಡಿ ಬುಟ್ಟೋಗಿ, ನಿಧಾನವಾಗಿ ನೋಡ್ಬೇಕು."

ನಾನು ಬಿಟ್ಟುಬರಲಿಲ್ಲ. ಮನೆಗೆ ಬಂದು ಪತ್ರ ಬರೆದೆ. ನಕಲಿ ಬಿಡಿಭಾಗಗಳ ಜಾಲ, ಅದಕ್ಕೆ ಕೈಜೋಡಿಸುವ ರಿಪೇರಿಯವರು, ಮತ್ತೆ ಮತ್ತೆ ಬರುವಂತೆ ಮಾಡುವ ಅರೆಬರೆ ಕೆಲಸ, ಇವೆಲ್ಲವನ್ನೂ ಕ್ರಮವಾಗಿ ಬರೆದೆ. ಹೆಸರು ಹಾಕಲಿಲ್ಲ. "ಹಳೆಯ ಕಾರುಗಳಿಗೆ ಹೆಸರಾದ ಗುಬ್ಬಿಯ ಶೆಡ್" ಎಂದಷ್ಟೇ ಬರೆದೆ. ಗುಬ್ಬಿಯಲ್ಲಿ ಅಂಥ ಶೆಡ್ಡು ಇರುವುದು ಒಂದೇ. ಪತ್ರಿಕೆಯವರು ದಪ್ಪ ಅಕ್ಷರದ ತಲೆಬರಹ ಕೊಟ್ಟು ಅಚ್ಚು ಮಾಡಿದರು. ಮೇಸ್ತ್ರಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕಿತ್ತೆಂದು ಆಗ ನನಗೂ ಅನಿಸಲಿಲ್ಲ.

ವಾರದ ಬಳಿಕ ತರಬೇತಿ ಕೇಂದ್ರದ ಮುಖ್ಯಸ್ಥರು ಫೋನ್ ಮಾಡಿದರು. ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿ ಎಂದು ಹಿಂದೊಮ್ಮೆ ನಾನು ಅವರೊಂದಿಗೆ ಜಗಳವಾಡಿದ್ದರಿಂದ ಪರಿಚಯವಿತ್ತು.

"ನಿಮ್ಮ ಪತ್ರ ನೋಡಿದ್ಮೇಲೆ ಆ ಮೇಸ್ತ್ರಿನ ಬರೋದು ಬೇಡ ಅಂದ್ಬಿಟ್ವಿ ಮೇಡಂ. ಹೆಣ್ಮಕ್ಕಳಿಗೆ ಮೋಸದ ಕೆಲಸ ಕಲಿಸ್ಬಾರ್ದಲ್ಲ."

"ಸರಿಯಾದ ನಿರ್ಧಾರ," ಎಂದೆ. ಇದೇ ಎರಡು ಪದ.

ಎಣ್ಣೆ ಸೋರುವುದು ನಿಲ್ಲಲಿಲ್ಲ. ಡಬ್ಬಿಯಲ್ಲಿ ಎಣ್ಣೆ ಇಟ್ಟುಕೊಂಡು, ಹೆಬ್ಬೂರಿನಲ್ಲಿ ಒಮ್ಮೆ ನಿಲ್ಲಿಸಿ ಸುರಿದು, ಚಿಕ್ಕಮ್ಮನನ್ನು ನೋಡಲು ಕುಣಿಗಲ್‌ಗೆ ಹೋದೆ. ಅವರು ಊರುಗೋಲು ಹಿಡಿದು ಗೇಟಿಗೆ ಬಂದು, ಕಾರಿನ ಹಿಂದೆ ರಸ್ತೆಯ ಮೇಲೆ ಬಿದ್ದ ಸಾಲು ನೋಡಿದರು.

"ಏನೇ, ಗಾಣದಿಂದ ಬಂದ್ಯಾ?"

ನಡೆದದ್ದನ್ನು ಹೇಳಿದೆ. ಪತ್ರದ ವಿಷಯವನ್ನೂ ಹೇಳಿದೆ.

"ಓದ್ದೆ. ಹೆಸರು ಹಾಕ್ದೆ ಇದ್ರೂ ಊರಿಗೆಲ್ಲ ಗೊತ್ತಾಗೋ ಹಾಗೆ ಬರ್ದಿದೀಯ," ಎಂದರು. ಆಮೇಲೆ, "ಬಾನೆಟ್ ಎತ್ತು. ಸ್ಟಾರ್ಟ್ ಮಾಡು. ಎಣ್ಣೆ ಹಾಕೋ ಮುಚ್ಚಳ ತೆಗಿ."

ಮುಚ್ಚಳ ತಿರುಗಿಸುತ್ತಿದ್ದಂತೆ ಅದು ಕೈಯಿಂದ ಎದ್ದು ಹಾರಿತು. ಬಿಸಿ ಹೊಗೆ ಮುಖಕ್ಕೆ ಹೊಡೆಯಿತು. ಕನ್ನಡಕದ ಮೇಲೆ ಎಣ್ಣೆಯ ಹನಿಗಳು ಕೂತವು.

"ಒಳಗಡೆ ಇಷ್ಟು ಒತ್ತಡ ಇದ್ರೆ ಯಾವ ಗ್ಯಾಸ್ಕೆಟ್ ತಡೆಯತ್ತೆ ಹೇಳು. ಪಕ್ಕದಲ್ಲಿ ಬ್ರೀದರ್ ಪೈಪಿದೆ ನೋಡು, ಅದರ ಬಾಯಿಗೆ ಕೈ ಹಿಡಿ. ಗಾಳಿ ಬರ್ತಿದ್ಯಾ?"

"ಯಾವ ಪೈಪು?"

"ಕೆಳಗಿಳಿದಿದ್ಯಲ್ಲ, ಅದೇ. ಹಳೇ ಇಂಜಿನ್ನು ಕಣೇ, ಒಳಗಿನ ಗಾಳಿ ಆಚೆ ಹೋಗೋಕೆ ಇದಕ್ಕಿರೋದು ಅದೊಂದೇ ದಾರಿ. ಹೊಗೆ ಬಿಡತ್ತೆ, ಒಂದೆರಡು ತೊಟ್ಟು ಎಣ್ಣೆ ಉಗಿಯತ್ತೆ. ಉಗೀಲೇಬೇಕು."

ಗಾಳಿ ಬರುತ್ತಿರಲಿಲ್ಲ. ನಾನು ಎದ್ದು ನಿಂತೆ.

"ಅದಕ್ಕೆ ನಾನು ನಾರು ತುರುಕಿದೀನಿ."

"ಏನು?"

"ತೆಂಗಿನ ನಾರು. ರಸ್ತೆ ಮೇಲೆ ತೊಟ್ಟಿಕ್ತಿತ್ತು ಅಂತ."

ಚಿಕ್ಕಮ್ಮ ಇಂಜಿನ್ ನಿಲ್ಲಿಸುವಂತೆ ಕೈಸನ್ನೆ ಮಾಡಿದರು.

"ಆಯಪ್ಪ ಕೇಳ್ಲಿಲ್ವಾ, ಯಾರಾದ್ರೂ ಕೈ ಹಾಕಿದ್ರಾ ಅಂತ?"

"ಕೇಳಿದ್ರು."

"ನೀನೇನಂದೆ?"

"ಯಾರೂ ಮುಟ್ಟಿಲ್ಲ ಅಂದೆ."

ಹಳೆಯ ಕೊಡೆಯೊಂದರ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿಕೊಟ್ಟರು. ರಸ್ತೆಯ ಮೇಲೆ ಅಂಗಾತ ಮಲಗಿ, ನಾರನ್ನು ಎಳೆ ಎಳೆಯಾಗಿ ಕಿತ್ತೆ. ಕೊನೆಯ ಉಂಡೆ ಬಂದಾಗ ಒಳಗಿದ್ದ ಕಪ್ಪುನೀರು ತೋಳಿನ ಮೇಲೆ ಸುರಿಯಿತು. ಇಂಜಿನ್ ಮತ್ತೆ ಚಾಲೂ ಮಾಡಿದಾಗ ಪೈಪಿನ ಬಾಯಿಂದ ಬಿಸಿ ಗಾಳಿ ಪುಸು ಪುಸು ಎಂದು ಅಂಗೈಗೆ ಬಡಿಯಿತು.

"ಪತ್ರಿಕೆಗೆ ಇವತ್ತೇ ತಿದ್ದುಪಡಿ ಬರೀತೀನಿ," ಎಂದೆ.

"ಬರಿಯೋದು ಆಮೇಲೆ. ಮೊದ್ಲು ಆಯಪ್ಪನ ಮುಂದೆ ನಿಂತ್ಕೊಂಡು ಹೇಳು," ಎಂದರು ಚಿಕ್ಕಮ್ಮ.

ಮರುದಿನ ಬೆಳಿಗ್ಗೆ ನಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಗುಬ್ಬಿಗೆ ಹೋದೆ. ಶೆಡ್ಡಿನಲ್ಲಿ ಒಂದೇ ಒಂದು ಗಾಡಿ ಇತ್ತು. ಮೇಸ್ತ್ರಿ ನನ್ನನ್ನು ಕಂಡು ಎದ್ದು ನಿಂತರು. ಅವರು ಎದ್ದು ನಿಲ್ಲಬೇಕಾಗಿರಲಿಲ್ಲ. ನಡೆದದ್ದನ್ನು ಕಾರಣಗಳನ್ನು ಸೇರಿಸದೆ ಹೇಳಿದೆ. ಅವರು ಕವರಿನಿಂದ ನಾರು ತೆಗೆದು, ಬೆರಳಲ್ಲಿ ಉಜ್ಜಿ ನೋಡಿದರು.

"ಒಳ್ಳೇ ನಾರು. ಪಾತ್ರೆ ತಿಕ್ಬೋದಿತ್ತು," ಎಂದರು.

ನಾರನ್ನು ಮತ್ತೆ ಕವರಿಗೆ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದರು: "ಶನಿವಾರ ಬಂತು ಅಂದ್ರೆ ಸುಮ್ನೆ ಬಸ್‌ಸ್ಟ್ಯಾಂಡ್‌ಗಂಟ ಹೋಗಿ ಬತ್ತೀನಿ ಮೇಡಮ್ಮೋರೆ. ಆ ಹೊತ್ಗೆ ಸ್ನಾನ ಮಾಡಿ ಹೊಂಡೋದು ಅಭ್ಯಾಸ ಆಗೋಗೈತೆ."

ಪೊಟ್ಟಣದ ಗ್ಯಾಸ್ಕೆಟ್ ವಿಷಯವನ್ನೂ ಕೇಳಿದೆ. ಕೇಳುವ ಹಕ್ಕು ಆಗ ನನಗಿತ್ತೋ ಇಲ್ಲವೋ ತಿಳಿಯದು. "ಅದು ನಕಲೀನೇ ಇರ್ಬೋದು," ಎಂದರು. "ಅಂಗಡೀಲಿ ಸಿಗೋದೇ ಅದು. ಅದಕ್ಕೇ ನಾನು ಕೈಯಲ್ಲಿ ಕತ್ತರಿಸೋದು. ಚೇಂಬರ್‌ಗೆ ಅಷ್ಟುದ್ದ ಹಾಳೆ ಇರ್ಲಿಲ್ಲ ಅವತ್ತು. ನಿಮ್ಗೆ ಹೇಳ್ಬೇಕಿತ್ತು." ನಕಲಿ ಬಿಡಿಭಾಗದ ವ್ಯಾಪಾರ ಇರುವುದು ನಿಜ, ಅದು ಅನ್ಯಾಯವೆಂಬುದೂ ನಿಜ, ನನ್ನ ಕಾರಿನ ಸೋರಿಕೆಗೆ ಅದು ಕಾರಣವಾಗಿರಲಿಲ್ಲ.

ತಿದ್ದುಪಡಿಯ ಪತ್ರ ಬರೆದೆ. ಮೊದಲಿನದಕ್ಕಿಂತ ಚಿಕ್ಕದು. ಎರಡು ವಾರ ಕಾದು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: "ಹಳೇ ವಿಷಯ ಮೇಡಂ, ಓದಿದವರಿಗೇ ಮರೆತುಹೋಗಿರುತ್ತೆ." ಆರೋಪಕ್ಕೆ ಇರುವ ಜಾಗ ತಿದ್ದುಪಡಿಗೆ ಇರುವುದಿಲ್ಲ. ಇದೂ ಒಂದು ಅನ್ಯಾಯ, ಮತ್ತು ಅದರ ಮೊದಲ ಭಾಗವನ್ನು ನಾನು ಸಂತೋಷದಿಂದ ಬಳಸಿಕೊಂಡಿದ್ದೆ.

ಪತ್ರಿಕೆಯನ್ನು ಬಿಟ್ಟು ತರಬೇತಿ ಕೇಂದ್ರಕ್ಕೆ ಹೋದೆ. ಮುಖ್ಯಸ್ಥರು ಸಹಾನುಭೂತಿಯಿಂದಲೇ ಕೇಳಿದರು.

"ನೀವು ಹೇಳ್ತಿರೋದು ನಂಬ್ತೀನಿ ಮೇಡಂ. ಆದ್ರೆ ಪೇಪರ್‌ನಲ್ಲಿ ಬಂದ್ರೆ ಕಮಿಟಿಗೆ ತೋರಿಸ್ಬೋದಿತ್ತು."

"ಅವರನ್ನ ತೆಗೆಯೋವಾಗ ಕಮಿಟೀನ ಕೇಳಿದ್ರಾ?"

ನನ್ನ ಹೇಳಿಕೆಯನ್ನು ಬರೆದು ಸಹಿ ಹಾಕಿ ಮೇಜಿನ ಮೇಲಿಟ್ಟೆ. ಕಾರನ್ನು ಇಲ್ಲಿಗೇ ತರುತ್ತೇನೆ, ಮೇಸ್ತ್ರಿ ಎಲ್ಲರ ಎದುರು ಪರೀಕ್ಷೆ ಮಾಡಿ ತೋರಿಸಲಿ, ನಾನು ಎಲ್ಲರ ಎದುರು ಹೇಳುತ್ತೇನೆ ಎಂದೆ. ಒಂದು ಶನಿವಾರಕ್ಕೆ ಮಾತ್ರ ಅವರು ಒಪ್ಪಿದರು.

ಆ ಶನಿವಾರ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದರು. ಕೇಂದ್ರದ ಅಂಗಳದಲ್ಲಿ ಕಾರಿನ ಕೆಳಗೆ ಪತ್ರಿಕೆ ಹಾಸಿದರು. ಅದರಲ್ಲಿ ನನ್ನ ಪತ್ರ ಅಚ್ಚಾದ ಪುಟವಿದೆಯೇ ಎಂದು ನೋಡಿದೆ. ಇರಲಿಲ್ಲ, ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು. ಅದೇ ನಾರಿನ ಉಂಡೆಯನ್ನು ಒಬ್ಬ ವಿದ್ಯಾರ್ಥಿನಿಯ ಕೈಯಿಂದ ಪೈಪಿನೊಳಗೆ ತುರುಕಿಸಿದರು. ಇಂಜಿನ್ನಿಗೆಲ್ಲ ಪೌಡರು ಉದುರಿಸಿ ಚಾಲೂ ಮಾಡಿಸಿದರು. ಹನ್ನೊಂದು ಮಂದಿ ಸುತ್ತ ನಿಂತು ನೋಡಿದರು. ಕೆಲಹೊತ್ತಿಗೆ ಮುಂದಿನ ರಾಟೆಯ ಹಿಂದೆ ಪೌಡರು ಕಪ್ಪಾಯಿತು. ಉಂಡೆ ತೆಗೆಸಿ, ಒರೆಸಿ, ಮತ್ತೆ ಪೌಡರು ಹಾಕಿದರು. ಈ ಸಲ ಅಷ್ಟೇ ಹೊತ್ತು ಓಡಿದರೂ ಬಿಳಿ ಬಿಳಿಯಾಗಿಯೇ ಉಳಿಯಿತು. ಒಬ್ಬೊಬ್ಬರೂ ಬಗ್ಗಿ ಪೈಪಿನ ಬಾಯಿಗೆ ಅಂಗೈ ಹಿಡಿದು ನೋಡಿದರು.

ನಾರು ತುರುಕಿದವಳು ನಾನು, ಕೇಳಿದಾಗ ಇಲ್ಲವೆಂದವಳು ನಾನು, ತಿಳಿಯದೆ ಪತ್ರ ಬರೆದವಳು ನಾನು ಎಂದು ಹೇಳಿದೆ. ಒಬ್ಬಳು ಕೇಳಿದಳು: "ಪೈಪು ಅಂದ್ಮೇಲೆ ಏನೋ ಹೋಗೋಕೇ ಇಟ್ಟಿರ್ತಾರಲ್ವಾ ಮೇಡಂ, ನಿಮ್ಗೆ ಅನ್ನಿಸ್ಲಿಲ್ವಾ?"

"ಇಲ್ಲ," ಎಂದೆ. "ಅದರಿಂದ ರಸ್ತೆ ಹಾಳಾಗೋದು ಮಾತ್ರ ಕಾಣಿಸ್ತು."

ಮುಖ್ಯಸ್ಥರು ಕಿಟಕಿಯಲ್ಲಿ ನಿಂತು ನೋಡಿ ಒಳಗೆ ಹೋದರು. ನಾನು ಹೊರಡಲು ಎದ್ದಾಗ ಮೇಸ್ತ್ರಿ ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ನನ್ನ ಕಡೆ ಚಾಚಿದರು.

"ಎಲ್ಲಿಗೆ ಮೇಡಮ್ಮೋರೆ? ಇನ್ನೂ ಪಾಠ ಐತೆ. ಹಳೇ ಗ್ಯಾಸ್ಕೆಟ್ ಕೆರೀಬೇಕು, ಕೂತ್ಕಳಿ."

ಹುಡುಗಿಯರ ಸಾಲಿನ ಕೊನೆಯಲ್ಲಿ ಕೂತು, ಕೇಂದ್ರದ ಹಳೆಯ ಇಂಜಿನ್ನೊಂದರ ಮುಚ್ಚಳ ಕೆರೆದೆ. ನಾನು ಕೆರೆದ ಮುಚ್ಚಳದ ಅಂಚಿನಲ್ಲಿ ಗೀರು ಬಿದ್ದಿತ್ತು. ಮೇಸ್ತ್ರಿ ಅದನ್ನು ತೋರಿಸಿ, ಹೀಗೆ ಮಾಡಬಾರದು ಎಂದು ಉಳಿದವರಿಗೆ ಹೇಳಿದರು.

ಬ್ರೀದರ್ ಪೈಪು ಈಗಲೂ ತೊಟ್ಟಿಕ್ಕುತ್ತದೆ. ಅದರ ಬಾಯಿಯ ಕೆಳಗೆ ಮೇಸ್ತ್ರಿ ಖಾಲಿ ಪೌಡರ್ ಡಬ್ಬಿಯೊಂದನ್ನು, ಗಾಳಿ ಆಡುವಷ್ಟು ಸಂದು ಬಿಟ್ಟು, ತಂತಿಯಲ್ಲಿ ಕಟ್ಟಿಕೊಟ್ಟಿದ್ದಾರೆ. ಗುಮಾಸ್ತರು ಬಗ್ಗಿ ನೋಡಿ, "ಏನ್ ಮೇಡಂ, ತೆಂಗಿನ ಮರಕ್ಕೆ ಮಡಕೆ ಕಟ್ದಂಗೆ ಕಾರಿಗೂ ಕಟ್ಟಿ ನೀರಾ ಇಳಿಸ್ತಿದೀರಾ?" ಎಂದರು. ಡಬ್ಬಿ ತುಂಬಿದಾಗ ಗುಬ್ಬಿಗೆ ಒಯ್ದು ಮೇಸ್ತ್ರಿಯ ಹಳೆಯೆಣ್ಣೆಯ ಡ್ರಮ್ಮಿಗೆ ಸುರಿದು ಬರುತ್ತೇನೆ. ಶನಿವಾರ ಹೋಗುವುದಿಲ್ಲ. ಅವತ್ತು ಪಾಠವಿರುತ್ತದೆ, ಶೆಡ್ಡು ಮುಚ್ಚಿರುತ್ತದೆ.